ನೂರು ಲೀಟರಿಗೆ ಒಂದು ಕಿಲೋ: ದ್ರಾವಣದ ಲೆಕ್ಕ ಮತ್ತು ನಮ್ಮ ಮೂರು ತಾಲೂಕು



ದತ್ತಿ ಉಪನ್ಯಾಸ ಎಂದರೆ ಒಬ್ಬ ಕವಿ, ಒಂದು ಶಾಸನ, ಹೆಚ್ಚೆಂದರೆ ಒಬ್ಬ ಸ್ವಾತಂತ್ರ್ಯ ಹೋರಾಟಗಾರ ಎಂದು ಕೇಳುಗರು ಮೊದಲೇ ತಯಾರಾಗಿ ಬರುತ್ತಾರೆ. ನಾನು ಆರಿಸಿಕೊಂಡದ್ದು ಪಿಯುಸಿ ಪುಸ್ತಕದ ಒಂದು ಅಧ್ಯಾಯವನ್ನು, ಅದರಲ್ಲೂ ಪರೀಕ್ಷೆ ಮುಗಿದ ಮರುದಿನವೇ ಮಕ್ಕಳು ಸಂತೋಷದಿಂದ ಮರೆಯುವ ಅಧ್ಯಾಯವನ್ನು. ಒಂದು ದ್ರಾವಣದ ಸಾಂದ್ರತೆ, ಅಂದರೆ ಅದು ಎಷ್ಟು ಗಟ್ಟಿ ಎಂಬುದನ್ನು ಲೆಕ್ಕ ಹಾಕುವುದು ಹೇಗೆ? ಈ ಪ್ರಶ್ನೆ ಪ್ರಯೋಗಶಾಲೆಗೆ ಸೇರಿದ್ದು ಎಂದು ಭಾವಿಸಿದವರು ಮೇ ತಿಂಗಳ ಕೊನೆಯ ವಾರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಬರಬೇಕು. ಅಲ್ಲಿ ಬ್ಯಾರಲಿನ ಪಕ್ಕ ನಿಂತವರು ಮಾಡುತ್ತಿರುವುದು ಇದೇ ಲೆಕ್ಕವನ್ನು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆಯ ರೋಗಕ್ಕೆ ಬಿಡುವ ಒಂದು ಪರ್ಸೆಂಟ್ ಬೋರ್ಡೋ ದ್ರಾವಣ.

ಈ ‘ಒಂದು ಪರ್ಸೆಂಟ್’ ನಮ್ಮಲ್ಲಿ ಮಂತ್ರದಂತೆ ತಂದೆಯಿಂದ ಮಗನಿಗೆ ದಾಟಿ ಬಂದಿದೆ. ಮಂತ್ರವನ್ನು ಪ್ರಶ್ನಿಸುವ ರೂಢಿ ನಮಗಿಲ್ಲ. ನನ್ನ ಪ್ರಶ್ನೆ ಮೂರು ತುಂಡಿನದ್ದು: ಯಾವುದರ ಪರ್ಸೆಂಟ್? ಯಾವುದರಲ್ಲಿ ಪರ್ಸೆಂಟ್? ಅಂಥದ್ದು ಒಟ್ಟು ಎಷ್ಟು ಸುರಿದಿರಿ? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ ಎಂಬುದು ಇವತ್ತಿನ ನನ್ನ ವಾದ.

ಮೊದಲು ರೋಗದ ವಿಷಯ. ಮಲೆನಾಡಿನವರು ಕೊಳೆರೋಗ ಎನ್ನುವುದನ್ನು ನಾವು ಮಹಾಳಿ ಎನ್ನುತ್ತೇವೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಆಟಿ ತಿಂಗಳಲ್ಲಿ ಬಿಸಿಲು ಕಾಣದೆ ವಾರಗಟ್ಟಲೆ ಜಡಿ ಹಿಡಿದರೆ ಎಳೆಯ ಅಡಿಕೆಯ ತೊಟ್ಟಿನ ಬಳಿ ನೀರು ನಿಂತಂಥ ಕಡುಹಸಿರು ಕಲೆ ಮೂಡುತ್ತದೆ, ಮೇಲೆ ಬಿಳಿ ಬೂಸ್ಟು ಬರುತ್ತದೆ, ಕೆಲವೇ ದಿನಗಳಲ್ಲಿ ಮರದಡಿ ಹಸಿರು ಹಾಸಿದ ಹಾಗೆ ಅಡಿಕೆ ಉದುರುತ್ತದೆ. ಇದಕ್ಕೆ ಕಾರಣವಾದ ಜೀವಿ ಫೈಟೋಫ್ತೋರಾ ಕುಲಕ್ಕೆ ಸೇರಿದ್ದು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಲಕ್ಷಾಂತರ ಜನರನ್ನು ಹಸಿವಿಗೆ ಬಲಿಕೊಟ್ಟು, ಇನ್ನು ಲಕ್ಷಾಂತರ ಜನರನ್ನು ಅಮೆರಿಕದ ಹಡಗು ಹತ್ತಿಸಿದ್ದು ಇದರ ಒಡಹುಟ್ಟು.

ಮದ್ದು ಬರುವ ಮೊದಲು ಮಲೆನಾಡಿನಲ್ಲಿ ಕೊಟ್ಟೆ ಕಟ್ಟುತ್ತಿದ್ದರು. ಮಳೆ ಹಿಡಿಯುವ ಮೊದಲೇ ಪ್ರತಿ ಗೊನೆಗೂ ಹಾಳೆಯ ಮುಸುಕು. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸರಕಾರದ ಕೆಲಸಕ್ಕೆ ಬಂದವರು, 1910ರಲ್ಲಿ ಕೊಳೆರೋಗದ ಬಗ್ಗೆಯೇ ಒಂದು ಬುಲೆಟಿನ್ ಬರೆದು ರೋಗಾಣುವಿನ ಬದುಕನ್ನು ವಿವರಿಸಿದರು, ಬೋರ್ಡೋ ಸಿಂಪಡಣೆಯ ದಾರಿಯನ್ನು ಮಲೆನಾಡಿನ ತೋಟಗಳಿಗೆ ತೋರಿಸಿದರು. ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರ ಬಂದದ್ದು 1956ರಲ್ಲಿ. 1970ರಿಂದ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ಭಾಗ. ಸಿಂಪಡಣೆ ಮಳೆ ಹಿಡಿಯುವ ಮೊದಲು ಒಂದು ಬಾರಿ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಬಾರಿ, ಮಳೆ ಬಿಡದಿದ್ದರೆ ಮೂರನೆಯದು. ಈ ಕ್ರಮವನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ಡ್ರೋನೂ ಹಾರತೊಡಗಿದೆ. ಸಾಧನ ಎಷ್ಟು ಬದಲಾದರೂ ಬ್ಯಾರಲಿನೊಳಗಿನ ಲೆಕ್ಕ ಮಾತ್ರ ಹಾಗೇ ಇದೆ.

ಹಾಗಾದರೆ ಈ ಒಂದು ಪರ್ಸೆಂಟ್ ಎಲ್ಲಿಂದ ಬಂತು? ಫ್ರಾನ್ಸಿನ ಬೋರ್ಡೋ ಪಟ್ಟಣದ ಸುತ್ತ ದ್ರಾಕ್ಷಿ ತೋಟಗಳು. ಅಮೆರಿಕದಿಂದ ಬಂದ ಬೂಜು ರೋಗದಿಂದ ಅವು ಸೊರಗುತ್ತಿದ್ದ ಕಾಲ. 1882ರ ಅಕ್ಟೋಬರಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ಸೇಂಟ್ ಜೂಲಿಯನ್ ಎಂಬಲ್ಲಿ ನಡೆದು ಹೋಗುತ್ತಿದ್ದಾಗ, ರಸ್ತೆಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಕಂಡರು. ವಿಚಾರಿಸಿದರೆ ಕಾರಣ ತಮಾಷೆಯದ್ದು. ದಾರಿಹೋಕರು ಹಣ್ಣು ಕೀಳದಿರಲಿ ಎಂದು ಆ ಸಾಲಿಗೆ ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರು. ನೀಲಿ ಬಣ್ಣ ಕಂಡವರು ವಿಷ ಎಂದು ಹೆದರಿ ಮುಟ್ಟಲಾರರು ಎಂಬ ಉಪಾಯ. ಕಳ್ಳರಿಗೆ ಇಟ್ಟ ಮದ್ದು ಬೂಜಿಗೆ ತಾಗಿತ್ತು. ರಸಾಯನಶಾಸ್ತ್ರಜ್ಞ ಗೇಯೋನ್ ಜತೆ ಸೇರಿ ಪ್ರಯೋಗ ಮಾಡಿ ಮಿಲಾರ್ಡೆ 1885ರಲ್ಲಿ ಪಾಕವನ್ನು ಪ್ರಕಟಿಸಿದರು: 100 ಲೀಟರ್ ನೀರಿನಲ್ಲಿ 8 ಕಿಲೋ ಮೈಲುತುತ್ತು, 30 ಲೀಟರ್ ನೀರಿನಲ್ಲಿ 15 ಕಿಲೋ ಸುಣ್ಣ. ಎರಡನ್ನೂ ಸೇರಿಸಿದರೆ 130 ಲೀಟರಿಗೆ 8 ಕಿಲೋ. ಅಂದರೆ 6 ಪರ್ಸೆಂಟಿಗಿಂತ ಸ್ವಲ್ಪ ಹೆಚ್ಚು. ಇವತ್ತು ನಾವು ಬಿಡುವುದರ ಆರು ಪಟ್ಟು! ಅದು ಸಿಂಪಡಿಸುವ ನೀರಿಗಿಂತ ಬಳಿಯುವ ಗಂಜಿಗೆ ಹತ್ತಿರವಾಗಿದ್ದಿರಬೇಕು. ಕಡಿಮೆಯಲ್ಲೂ ಕೆಲಸ ಆಗುತ್ತದೆ ಎಂದು ಕಂಡುಕೊಳ್ಳುತ್ತ ಕಂಡುಕೊಳ್ಳುತ್ತ ಬೆಳೆಗಾರರೂ ವಿಜ್ಞಾನಿಗಳೂ ಇಳಿಸಿಕೊಂಡು ಬಂದ ಸಂಖ್ಯೆ ಈ ಒಂದು.

ಈಗ ಮೊದಲನೆಯ ಪ್ರಶ್ನೆ: ಯಾವುದರ ಪರ್ಸೆಂಟ್? ಅಂಗಡಿಯಿಂದ ತಂದ ನೀಲಿ ಹರಳನ್ನು ತೂಗಿ ಹಾಕುತ್ತೇವೆ. ರೋಗಾಣುವನ್ನು ಕೊಲ್ಲುವುದು ಹರಳಲ್ಲ, ಅದರೊಳಗಿನ ತಾಮ್ರ. ಹರಳಿನ ಒಂದೊಂದು ಘಟಕದಲ್ಲೂ ತಾಮ್ರದ ಸಲ್ಫೇಟಿನ ಜತೆಗೆ ಐದು ನೀರಿನ ಅಣುಗಳು ಸೇರಿಕೊಂಡಿವೆ. ಅಣುತೂಕದ ಲೆಕ್ಕದಲ್ಲಿ ಒಟ್ಟು 249.7. ಇದರಲ್ಲಿ ತಾಮ್ರ 63.5, ನೀರು 90. ಒಂದು ಕಿಲೋ ಮೈಲುತುತ್ತು ಕೊಂಡರೆ ಅದರಲ್ಲಿ 254 ಗ್ರಾಂ ತಾಮ್ರ, 360 ಗ್ರಾಂ ನೀರು. ಕೈಗೆ ಒಣ ಹರಳಿನಂತೆಯೇ ತೋರುತ್ತದೆ, ಮೂರನೆಯ ಒಂದು ಪಾಲಿಗಿಂತ ಹೆಚ್ಚು ದುಡ್ಡನ್ನು ನೀರಿಗೇ ಕೊಟ್ಟಿರುತ್ತೇವೆ. ಇದರಲ್ಲಿ ಮೋಸ ಏನೂ ಇಲ್ಲ, ಹರಳಿನ ಸ್ವಭಾವವೇ ಹಾಗೆ. ಹಾಗಾಗಿ ನಮ್ಮ ಒಂದು ಪರ್ಸೆಂಟ್ ಬೋರ್ಡೋದಲ್ಲಿ ತಾಮ್ರ ಇರುವುದು ಲೀಟರಿಗೆ 2.54 ಗ್ರಾಂ, ಅಂದರೆ ಕಾಲು ಪರ್ಸೆಂಟ್.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಏನಾಗುತ್ತದೆ ನೋಡಿ. ಸುಣ್ಣ ಕಲಸುವ ರಗಳೆ ಬೇಡ ಎಂದು ಕೆಲವರು ಕಾಪರ್ ಆಕ್ಸಿಕ್ಲೋರೈಡ್ ಪುಡಿ ತರುತ್ತಾರೆ. ಪೊಟ್ಟಣದ ಮೇಲೆ 50 ಎಂದು ಬರೆದಿರುತ್ತದೆ. ಆ ಐವತ್ತು ಪರ್ಸೆಂಟ್ ತಾಮ್ರಕ್ಕೆ ಸಂಬಂಧಿಸಿದ್ದು. ಲೀಟರಿಗೆ 3 ಗ್ರಾಂ ಪುಡಿ ಹಾಕಿದರೆ ತಾಮ್ರ 1.5 ಗ್ರಾಂ. ಜಗಲಿಯಲ್ಲಿ ಕೂತು ಮಾತಾಡುವಾಗ ‘ಬೋರ್ಡೋ ಒಂದು ಪರ್ಸೆಂಟ್, ಇದು 0.3 ಪರ್ಸೆಂಟ್, ಮೂರು ಪಟ್ಟು ಸಪ್ಪೆ’ ಎಂದು ತೀರ್ಪು ಬರುತ್ತದೆ. ತಾಮ್ರಕ್ಕೆ ತಾಮ್ರ ಹೋಲಿಸಿದರೆ ಬೋರ್ಡೋ ಇರುವುದು ಬರೀ 1.7 ಪಟ್ಟು ಗಟ್ಟಿ. ಬೋರ್ಡೋ ಮಳೆಗೆ ಹೆಚ್ಚು ಅಂಟಿ ನಿಲ್ಲುತ್ತದೆ ಎಂಬುದು ಬೇರೆಯೇ ಗುಣ. ಅದನ್ನು ಪರ್ಸೆಂಟ್ ಹೇಳುವುದಿಲ್ಲ.

ವಿದ್ಯಾರ್ಥಿಗಳಿಗೆ ಮೋಲ್ ಎಂಬ ಪದ ಕಂಡರೆ ತಲೆನೋವು. ಅದು ಹುಟ್ಟಿದ್ದೇ ಈ ತಲೆನೋವನ್ನು ಕಳೆಯುವುದಕ್ಕೆ. ಯಾವ ಹರಳಿನಲ್ಲಿ ಎಷ್ಟು ನೀರು, ಯಾವ ಪುಡಿಯಲ್ಲಿ ಎಷ್ಟು ಸತ್ವ ಎಂಬ ಗೊಂದಲವನ್ನು ಬಿಟ್ಟು ಕಣಗಳನ್ನೇ ಎಣಿಸುವ ಉಪಾಯ ಅದು. 249.7 ಗ್ರಾಂ ಮೈಲುತುತ್ತು ಒಂದು ಮೋಲ್. ಲೀಟರಿಗೆ 10 ಗ್ರಾಂ ಎಂದರೆ 0.04 ಮೋಲ್. ಇದು ಮೋಲಾರಿಟಿ. ಎಣಿಕೆ ಕೈಗೆ ಬಂದರೆ ಯಾವುದು ಯಾವುದರೊಂದಿಗೆ ಎಷ್ಟು ಕೂಡುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಸುಣ್ಣದ ಮೇಲೆ ಇದನ್ನು ಪ್ರಯೋಗಿಸಿ ನೋಡೋಣ.

ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 4 ಮೋಲ್ ತಾಮ್ರ. ಅಷ್ಟನ್ನೂ ತಾಮ್ರದ ಹೈಡ್ರಾಕ್ಸೈಡ್ ಆಗಿ ಇಳಿಸುವುದಕ್ಕೆ 4 ಮೋಲ್ ಅರಳಿದ ಸುಣ್ಣ ಸಾಕು. ಒಂದು ಮೋಲಿಗೆ 74 ಗ್ರಾಂ, ಒಟ್ಟು 300 ಗ್ರಾಮಿಗಿಂತ ಕಡಿಮೆ. ಸುಟ್ಟ ಸುಣ್ಣವಾದರೆ 225 ಗ್ರಾಂ. ಹಾಗಿದ್ದರೂ ನಮ್ಮ ಸೂತ್ರ ಕಿಲೋಗೆ ಕಿಲೋ ಎನ್ನುತ್ತದೆ. ಕಾಗದದ ಲೆಕ್ಕದ ಮೂರು ಪಟ್ಟಿಗೂ ಮಿಗಿಲು. ಹಿರಿಯರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ನಗಬೇಡಿ. ಕಾಗದದಲ್ಲಿ ಸುಣ್ಣ ನೂರಕ್ಕೆ ನೂರು ಸುಣ್ಣ. ಅಂಗಡಿಯ ಮೂಟೆಯಲ್ಲಿ ಹಾಗಿರುವುದಿಲ್ಲ. ಕಲ್ಲಿನ ಸುಣ್ಣ ಒಂದು ಬಗೆ, ಚಿಪ್ಪಿನ ಸುಣ್ಣ ಇನ್ನೊಂದು. ಸರಿಯಾಗಿ ಬೇಯದ ತುಂಡು ಇರುತ್ತದೆ, ಮರಳು ಇರುತ್ತದೆ. ಅರಳಿಸಿದ ಸುಣ್ಣ ಗಾಳಿಗೆ ತೆರೆದು ಕೂತರೆ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಸೀಮೆಸುಣ್ಣದ ಪುಡಿಯಂತಾಗುತ್ತದೆ, ಅದರಿಂದ ಕೆಲಸ ಆಗುವುದಿಲ್ಲ. ಸುಣ್ಣ ಕಡಿಮೆಯಾಗಿ ಕರಗಿದ ತಾಮ್ರ ಉಳಿದುಬಿಟ್ಟರೆ ಎಳೆಯ ಸಿಂಗಾರ, ನಳ್ಳಿ ಸುಡುತ್ತವೆ. ಸುಣ್ಣ ಹೆಚ್ಚಾದರೆ ಅಂಥ ಅಪಾಯವಿಲ್ಲ. ಕಿಲೋಗೆ ಕಿಲೋ ಎಂಬುದು ಈ ಅನಿಶ್ಚಿತತೆಗೆ ಕಟ್ಟಿದ ವಿಮೆ.

ವಿಮೆ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಲಿಟ್ಮಸ್ ಕಾಗದ ಬೇಡ. ಉಜ್ಜಿ ಹೊಳಪು ಬಂದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಸಾಕು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಉಳಿದಿದೆ ಎಂದರ್ಥ: ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಳ್ಳಿದೆ. ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಪಠ್ಯಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂಬ ಪಾಠಕ್ಕೆ ಬೀಕರಿನಲ್ಲಿ ಮೊಳೆ ಹಾಕಿದ ಚಿತ್ರವಿದೆ. ಆ ಚಿತ್ರ ಬಿಡಿಸಿದ ಹುಡುಗನ ಅಜ್ಜ ತೋಟದಲ್ಲಿ ಅದನ್ನೇ ಕತ್ತಿಯಲ್ಲಿ ಮಾಡುತ್ತಿರುತ್ತಾನೆ, ಇಬ್ಬರಿಗೂ ಅದು ಒಂದೇ ಎಂದು ಹೇಳಿದವರಿಲ್ಲ. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಬೇಡಿ ಎನ್ನುವುದೂ ಇದೇ ಕಾರಣಕ್ಕೆ, ಡ್ರಮ್ಮೇ ಕತ್ತಿಯ ಕೆಲಸ ಮಾಡಿಬಿಡುತ್ತದೆ.

ಬೆರೆಸುವ ಕ್ರಮದ ಬಗ್ಗೆ ಎರಡು ಮಾತು ಸಾಕು. ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಹಾಕಬೇಕು. ಕರಗಿದ ಭಾರದ ನೀರು ತಾನಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲೇರುತ್ತದೆ, ತಳದಲ್ಲಿ ಸುರಿದು ಕದಡುವ ಶ್ರಮ ಉಳಿಯುತ್ತದೆ. ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಮಾಡಿಟ್ಟ ಮೈಲುತುತ್ತಿನ ನೀರು, ಸುಣ್ಣದ ನೀರು ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಹೊಯ್ಯಬೇಕು, ಅಥವಾ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ಬೇಗ ಕೆಳಗೆ ಕೂರುತ್ತದೆ, ನಳಿಕೆ ಕಟ್ಟುತ್ತದೆ. ಕಲಸಿದ್ದನ್ನು ಅಂದೇ ಮುಗಿಸಬೇಕು.

ಎರಡನೆಯ ಪ್ರಶ್ನೆ: ಯಾವುದರಲ್ಲಿ ಪರ್ಸೆಂಟ್? ಇನ್ನೂರು ಲೀಟರಿನ ಬ್ಯಾರಲ್ ಎಂದು ಎರಡು ಕಿಲೋ ಹಾಕುತ್ತೇವೆ. ತುಳುಕುತ್ತದೆ ಎಂದು ನಾಲ್ಕು ಬೆರಳು ಕೆಳಗೇ ನೀರು ನಿಲ್ಲಿಸಿದರೆ ಅಲ್ಲಿರುವುದು 180 ಲೀಟರ್, ದ್ರಾವಣ 1.1 ಪರ್ಸೆಂಟ್. ಇದು ಚಿಂತಿಸುವಂಥದ್ದಲ್ಲ. ಚಿಂತಿಸಬೇಕಾದದ್ದು ಸಂಜೆಯ ಹೊತ್ತಿಗೆ ಆಗುವ ಕೆಲಸ. ಅರ್ಧ ಬ್ಯಾರಲ್ ಉಳಿದಿದೆ, ಇನ್ನೂ ಮೂರು ಸಾಲು ಮರ ಬಾಕಿ, ಮೋಡ ಕಟ್ಟುತ್ತಿದೆ. ಯಾರೋ ಐವತ್ತು ಲೀಟರ್ ನೀರು ಸೇರಿಸಿಬಿಡುತ್ತಾರೆ. ಒಂದು ಕಿಲೋ ಈಗ 150 ಲೀಟರಿನಲ್ಲಿದೆ, 0.67 ಪರ್ಸೆಂಟ್. ಆ ಮೂರು ಸಾಲಿನಲ್ಲಿ ಮಹಾಳಿ ಬಂದಾಗ ಬೈಗುಳ ಕೇಳುವುದು ಮೈಲುತುತ್ತು ಮಾರಿದ ಅಂಗಡಿಯವರು.

ಗಟ್ಟಿ ದ್ರಾವಣಗಳಲ್ಲಿ ‘ಯಾವುದರಲ್ಲಿ’ ಎಂಬುದು ಇನ್ನೂ ಮುಖ್ಯ. ಹಲಸಿನ ಉಪ್ಪುಸೊಳೆ ಹಾಕುವ ಮನೆಗಳಿಗೆ ಇದು ಗೊತ್ತಾಗಬೇಕಾದದ್ದು. ನೂರು ಗ್ರಾಂ ನೀರಿನಲ್ಲಿ ಉಪ್ಪು ಕರಗುವುದು ಸುಮಾರು 36 ಗ್ರಾಂ. ಹಾಗಾದರೆ ಇದು 36 ಪರ್ಸೆಂಟ್ ಉಪ್ಪುನೀರೇ? ಇಲ್ಲ. ಒಟ್ಟು ತೂಕ 136 ಗ್ರಾಂ, ಅದರಲ್ಲಿ 36, ಅಂದರೆ 26.5 ಪರ್ಸೆಂಟ್. ಭಾಗಿಸುವಾಗ ಕೆಳಗೆ ಇಡಬೇಕಾದದ್ದು ನೀರನ್ನಲ್ಲ, ಒಟ್ಟು ದ್ರಾವಣವನ್ನು. ಭರಣಿಯ ತಳದಲ್ಲಿ ಕರಗದ ಉಪ್ಪು ಕಾಣುತ್ತಿದ್ದರೆ ಅದಕ್ಕಿಂತ ಮೇಲೆ ಎಷ್ಟು ಸುರಿದರೂ ನೀರು ಅಷ್ಟರಲ್ಲೇ ನಿಲ್ಲುತ್ತದೆ. ಒಂದು ಪರ್ಸೆಂಟಿನ ಬೋರ್ಡೋದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಸಣ್ಣದು, ಆದ್ದರಿಂದಲೇ ನಾವು ಅದನ್ನು ಗಮನಿಸದೆ ಬೆಳೆದಿದ್ದೇವೆ.

ಬೆರಕೆಯ ಈ ಲೆಕ್ಕ ಪಶ್ಚಿಮದಿಂದ ಬಂದದ್ದು ಎಂದು ಭಾವಿಸಿದವರಿಗೆ ಮೂಡುಬಿದಿರೆಯಲ್ಲೇ ಒಂದು ಉತ್ತರವಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಆಧಾರಕ್ಕಿಟ್ಟುಕೊಂಡ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ನಕಲು ಮಾಡಿಸಿದ್ದೂ ಒಂದು. ಆ ಗ್ರಂಥದ ಮಿಶ್ರಕ ವ್ಯವಹಾರದ ಭಾಗದಲ್ಲಿ ಚಿನ್ನದ ಲೆಕ್ಕಗಳಿವೆ. ಹದಿನಾರು ವರ್ಣದ್ದು ಶುದ್ಧ ಚಿನ್ನ. ಬೇರೆ ಬೇರೆ ವರ್ಣದ ಚಿನ್ನಗಳನ್ನು ಕರಗಿಸಿ ಕೂಡಿಸಿದರೆ ಬರುವ ವರ್ಣ ಯಾವುದು? ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸು, ಎಲ್ಲವನ್ನೂ ಕೂಡಿಸು, ಒಟ್ಟು ತೂಕದಿಂದ ಭಾಗಿಸು. ಹನ್ನೆರಡು ವರ್ಣದ ಐದು ಗದ್ಯಾಣ, ಹದಿನಾರು ವರ್ಣದ ಮೂರು ಗದ್ಯಾಣ ಎಂದು ಹಿಡಿಯೋಣ. ಅರವತ್ತು ಮತ್ತು ನಲವತ್ತೆಂಟು ಸೇರಿ ನೂರ ಎಂಟು, ಎಂಟರಿಂದ ಭಾಗಿಸಿದರೆ ಹದಿಮೂರೂವರೆ ವರ್ಣ. ಚಿನ್ನದ ಜಾಗದಲ್ಲಿ ಆಮ್ಲ, ವರ್ಣದ ಜಾಗದಲ್ಲಿ ಪರ್ಸೆಂಟ್ ಇಟ್ಟರೆ ಪಿಯುಸಿಯ ಮಿಶ್ರಣ ಸೂತ್ರ ಸಿದ್ಧ. ಗಮನಿಸಿ, ಇಲ್ಲೂ ಭಾಗಿಸುವುದು ಒಟ್ಟು ತೂಕದಿಂದ. ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ. ನಮ್ಮ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು ಅದನ್ನೊಮ್ಮೆ ಕಪಾಟಿನಿಂದ ಇಳಿಸಬಹುದು.

ಬೆಳ್ತಂಗಡಿಯ ರಬ್ಬರ್ ಬೆಳೆಗಾರರು ‘ನಮ್ಮನ್ನು ಬಿಟ್ಟಿರಿ’ ಎನ್ನಬಾರದಲ್ಲ. ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಮ್ಲ ಬೇಕು. ಕ್ಯಾನಿನಲ್ಲಿ ಬರುವುದು 85 ಪರ್ಸೆಂಟಿನದ್ದು, ಹಾಲಿಗೆ ಹಾಕುವಾಗ ಅರ್ಧ ಪರ್ಸೆಂಟಿಗೆ ತೆಳ್ಳಗೆ ಮಾಡಬೇಕು. ಹತ್ತು ಲೀಟರ್ ತೆಳು ಆಮ್ಲ ಮಾಡಲು ಎಷ್ಟು ಗಟ್ಟಿ ಆಮ್ಲ ಬೇಕು? ಸಾಂದ್ರತೆ ಗುಣಿಸು ಗಾತ್ರ ಎರಡೂ ಕಡೆ ಸಮ ಎಂಬ ಸೂತ್ರ ಹಾಕಿದರೆ ಉತ್ತರ 59 ಮಿಲಿಲೀಟರ್. ಆದರೆ ಆ 85 ತೂಕದ ಲೆಕ್ಕದ್ದು. ಆಮ್ಲ ನೀರಿಗಿಂತ ಭಾರ, ಒಂದು ಮಿಲಿಲೀಟರಿಗೆ ಸುಮಾರು 1.2 ಗ್ರಾಂ. ಬೇಕಾದದ್ದು 59 ಗ್ರಾಂ ಕ್ಯಾನಿನ ಆಮ್ಲ, ಅಳೆದರೆ 49 ಮಿಲಿಲೀಟರ್. ಸೂತ್ರ ಸರಿ, ಹಾಕಿದ ಪರ್ಸೆಂಟ್ ಬೇರೆ ಜಾತಿಯದ್ದು. ಆರರಲ್ಲಿ ಒಂದು ಪಾಲು ಆಮ್ಲ ವ್ಯರ್ಥ. ಒಂದು ಎಚ್ಚರಿಕೆ: ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು.

ಇನ್ನು ಬಾವಿ. 1923ರ ಬೊಳ್ಳವನ್ನೂ 1974ರ ಬೊಳ್ಳವನ್ನೂ, ಆ ಎರಡು ದೊಡ್ಡ ನೆರೆಗಳನ್ನು, ಬಂಟ್ವಾಳ ಪೇಟೆ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡವೇ ಕುಸಿದು ಬಂದದ್ದನ್ನು ಇಲ್ಲಿರುವ ಎಷ್ಟೋ ಮಂದಿ ಕಣ್ಣಾರೆ ಕಂಡಿದ್ದೀರಿ. ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕು. ‘ಒಂದೆರಡು ಮುಷ್ಟಿ’ ಎನ್ನುತ್ತಾರೆ. ಯಾರ ಮುಷ್ಟಿ? ಸಾಮಾನ್ಯ ಲೆಕ್ಕ ಇದು: ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್. ಮೂರು ಮೀಟರ್ ಅಗಲದ ಬಾವಿ, ಮಳೆಗಾಲದಲ್ಲಿ ಆರು ಮೀಟರ್ ನೀರು. ಅಗಲದ ವರ್ಗ ಒಂಬತ್ತು, 3.14ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ, ಆಳ ಆರರಿಂದ ಗುಣಿಸಿದರೆ 42.4 ಘನ ಮೀಟರ್, ಅಂದರೆ 42,400 ಲೀಟರ್. ಪೌಡರ್ 106 ಗ್ರಾಂ. ಅದೇ ಬಾವಿಯಲ್ಲಿ ಏಪ್ರಿಲಿನಲ್ಲಿ ಒಂದೇ ಮೀಟರ್ ನೀರಿದ್ದರೆ 18 ಗ್ರಾಂ ಸಾಕು. ಎರಡೂ ಕಾಲಕ್ಕೆ ಒಂದೇ ಮುಷ್ಟಿ ಹಾಕುವವನು ಬೇಸಗೆಯಲ್ಲಿ ಮನೆಯವರಿಗೆ ಕ್ಲೋರಿನ್ ವಾಸನೆ ಕುಡಿಸುತ್ತಾನೆ, ಮಳೆಗಾಲದಲ್ಲಿ ರೋಗಾಣು. ಇಲ್ಲೂ ಮೊದಲನೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಪೌಡರಿನಲ್ಲಿ ಕೆಲಸ ಮಾಡುವುದು ಕ್ಲೋರಿನ್. ಹೊಸ ಪೊಟ್ಟಣದಲ್ಲಿ ಅದು ಕಾಲು ಭಾಗ ಇದ್ದರೆ ಬಾವಿಯ ನೀರಿಗೆ ಲೀಟರಿಗೆ 0.6 ಮಿಲಿಗ್ರಾಂ ಸಿಗುತ್ತದೆ. ಬಾಯಿ ಬಿಚ್ಚಿ ಹಟ್ಟಿಯ ಮೂಲೆಯಲ್ಲಿ ವರ್ಷವಿಡೀ ಇಟ್ಟ ಪೊಟ್ಟಣದಲ್ಲಿ ಹತ್ತನೆಯ ಒಂದು ಪಾಲಿಗೆ ಇಳಿದಿದ್ದರೆ ಸಿಗುವುದು 0.25. ಹಾಕಿ ಒಂದು ಗಂಟೆಯಾದ ಮೇಲೂ ನೀರಿನಲ್ಲಿ ಅರ್ಧ ಮಿಲಿಗ್ರಾಂ ಉಳಿದಿರಬೇಕು ಎಂಬುದು ನಿಯಮ. ಹಾಕಿದ್ದೇ ಕಾಲು ಮಿಲಿಗ್ರಾಂ ಆದರೆ ಉಳಿಯುವುದೆಲ್ಲಿಂದ?

ಮೂರನೆಯ ಪ್ರಶ್ನೆಗೆ ಬರುತ್ತೇನೆ: ಒಟ್ಟು ಎಷ್ಟು ಸುರಿದಿರಿ? ಈ ಪ್ರಶ್ನೆಯನ್ನು ಕೇಳದೇ ಹೋದದ್ದಕ್ಕೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಮನೆಗಳು ಇವತ್ತಿಗೂ ಬೆಲೆ ತೆರುತ್ತಿವೆ. 1980ರ ದಶಕದಿಂದ 2000ದವರೆಗೆ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಕೈಪಂಪಿನಲ್ಲಿ ಗೇರಿಗೆ ಬಿಡುವಾಗ ಶಿಫಾರಸಾಗಿದ್ದ ಪ್ರಮಾಣ 0.05 ಪರ್ಸೆಂಟ್. ಕೇಳುವಾಗ ಎಷ್ಟು ನಿರುಪದ್ರವಿ! ಅದನ್ನೇ ಲೀಟರಿಗೆ ಮೈಕ್ರೋಗ್ರಾಮಿನಲ್ಲಿ ಹೇಳಿದರೆ ಐದು ಲಕ್ಷ. ಮೀನು ಸಾಯುವುದಕ್ಕೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು. ಪರ್ಸೆಂಟ್ ಎಂಬ ಅಳತೆ ಔಷಧಿ ಬೆರೆಸುವವನ ಅನುಕೂಲಕ್ಕೆ ಇರುವುದು, ತೋಡಿನ ಮೀನಿಗೆ ಅದು ದೊಡ್ಡ ಕಣ್ಣಿನ ಜರಡಿ. ಅದೂ ಅಲ್ಲದೆ ಈ ವಿಷ ಕೊಬ್ಬಿನಲ್ಲಿ ಕರಗುತ್ತದೆ. ವರ್ಷ ವರ್ಷವೂ ಬಿದ್ದದ್ದು ಮಣ್ಣಿನಲ್ಲಿ, ನೀರಿನಲ್ಲಿ, ದೇಹದಲ್ಲಿ ಎಷ್ಟಾಯಿತು ಎಂಬುದನ್ನು ಬ್ಯಾರಲಿನ ಪರ್ಸೆಂಟ್ ಹೇಳುವುದಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಡೆ ಅದನ್ನು ತಡೆಯಿತು. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಹಾಸಿಗೆಯಲ್ಲೇ ಬೆಳೆದಾಗಿತ್ತು.

ಬೋರ್ಡೋವನ್ನು ಎಂಡೋಸಲ್ಫಾನಿನ ಪಕ್ಕದಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ, ಹಾಗೆ ಯಾರಾದರೂ ವರದಿ ಮಾಡಿದರೆ ನನ್ನ ತೋಟದವರೇ ನನ್ನನ್ನು ಒಳಗೆ ಬಿಡಲಿಕ್ಕಿಲ್ಲ. ತಾಮ್ರ ಸಸ್ಯಕ್ಕೂ ನಮಗೂ ಅಲ್ಪ ಪ್ರಮಾಣದಲ್ಲಿ ಬೇಕಾದ ಲೋಹ. ಆದರೆ ಎಂಡೋಸಲ್ಫಾನ್ ಒಂದು ದಿನ ಒಡೆದು ಹೋದೀತು, ತಾಮ್ರ ಧಾತು, ಅದು ಒಡೆಯುವುದೇ ಇಲ್ಲ. ಲೆಕ್ಕ ಹಾಕಿ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಮರಕ್ಕೆ ಒಂದು ಲೀಟರ್ ಎಂದು ಹಿಡಿಯಿರಿ, ನಿಮ್ಮ ತೋಟದ್ದು ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಒಂದು ಬಾರಿಗೆ 1.4 ಕಿಲೋ ತಾಮ್ರ, ಎರಡು ಬಾರಿಗೆ 2.8 ಕಿಲೋ. ಹೆಕ್ಟೇರಿಗೆ ಹೇಳುವುದಾದರೆ ವರ್ಷಕ್ಕೆ 7 ಕಿಲೋ. ಯುರೋಪಿಯನ್ ಒಕ್ಕೂಟ 2019ರಿಂದ ಹಾಕಿರುವ ಮಿತಿ ಏಳು ವರ್ಷಕ್ಕೆ 28 ಕಿಲೋ, ಅಂದರೆ ಸರಾಸರಿ ವರ್ಷಕ್ಕೆ 4. ಬೋರ್ಡೋ ಹುಟ್ಟಿದ ನೆಲದಲ್ಲೇ ದ್ರಾಕ್ಷಿ ತೋಟಗಳ ಮಣ್ಣು ನೂರು ವರ್ಷಗಳ ತಾಮ್ರ ಹೊತ್ತು ಕೂತಿರುವುದು ಆ ಮಿತಿಯ ಹಿಂದಿನ ಕತೆ. ಅಲ್ಲಿಗೆ ಹೋದ ತಾಮ್ರ ಎರೆಹುಳಕ್ಕೆ ಒಗ್ಗಲಿಲ್ಲ.

ಹೆಕ್ಟೇರಿನ ಮೇಲ್ಮಣ್ಣು, ಹದಿನೈದು ಸೆಂಟಿಮೀಟರ್ ಆಳಕ್ಕೆ, ಸುಮಾರು ಇಪ್ಪತ್ತು ಲಕ್ಷ ಕಿಲೋ ತೂಗುತ್ತದೆ. 7 ಕಿಲೋ ತಾಮ್ರ ಅದರಲ್ಲಿ ಬೆರೆತರೆ ಕಿಲೋ ಮಣ್ಣಿಗೆ 3.5 ಮಿಲಿಗ್ರಾಂ, ಅಂದರೆ 3.5 ಪಿಪಿಎಂ. ಒಂದು ವರ್ಷಕ್ಕೆ ಏನೂ ಅಲ್ಲ. ಐವತ್ತು ವರ್ಷ ಎಲ್ಲವೂ ಅಲ್ಲೇ ಉಳಿದರೆ 175. ಎಲ್ಲವೂ ಅಲ್ಲೇ ಉಳಿಯುವುದಿಲ್ಲ, ನಮ್ಮ ಮಳೆ ಬಿಡುವುದಿಲ್ಲ. ಒಂದಷ್ಟು ಗೊನೆಯ ಜತೆ ಹೊರಗೆ ಹೋಗುತ್ತದೆ, ಒಂದಷ್ಟು ತೋಡು ಹಿಡಿದು ಫಲ್ಗುಣಿಗೋ ನೇತ್ರಾವತಿಗೋ ಸೇರುತ್ತದೆ. ಮದ್ದು ಬಿಟ್ಟ ಬ್ಯಾರಲನ್ನು ತೋಡಿನಲ್ಲಿ ತೊಳೆಯಬೇಡಿ ಎಂದು ಹೇಳುವುದಕ್ಕೂ ಒಂದು ಸಂಖ್ಯೆಯಿದೆ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬ್ಯಾರಲಿನ ತಳದಲ್ಲಿ ಒಂದು ಲೀಟರ್ ಬೋರ್ಡೋ ಉಳಿದಿದ್ದರೆ ಅದರ 2540 ಮಿಲಿಗ್ರಾಂ ತಾಮ್ರವನ್ನು ಆ ಮಿತಿಗೆ ಇಳಿಸಲು ಐವತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ನಾವು ಆಗ ಲೆಕ್ಕ ಹಾಕಿದ ಮಳೆಗಾಲದ ಬಾವಿ ಅಷ್ಟು ದೊಡ್ಡದಿರಲಿಲ್ಲ.

ಸಿಂಪಡಣೆ ನಿಲ್ಲಿಸಿ ಎಂದು ನಾನು ಹೇಳಿದರೆ ಮುಂದಿನ ಆಟಿಯಲ್ಲಿ ಮಹಾಳಿಯೇ ನನ್ನನ್ನು ತಿದ್ದೀತು. ನಾನು ಕೇಳುವುದು ಇಷ್ಟೇ: ಈ ಮೂರು ತಾಲೂಕುಗಳ ಕಾಲೇಜು ಪ್ರಯೋಗಶಾಲೆಗಳಲ್ಲಿ ಪ್ರತಿ ವರ್ಷ ನೂರಾರು ಮಕ್ಕಳು ತಾಮ್ರದ ಸಲ್ಫೇಟನ್ನು ಅಳೆಯುತ್ತಾರೆ. ಅಳೆಯುವ ದ್ರಾವಣವನ್ನು ಅಧ್ಯಾಪಕರು ಶುದ್ಧ ಶೀಷೆಯಿಂದ ಮಾಡಿ ಕೊಡುತ್ತಾರೆ, ಉತ್ತರ ಮೊದಲೇ ಗೊತ್ತಿರುತ್ತದೆ. ಅದರ ಬದಲು ಮೇ ತಿಂಗಳಲ್ಲಿ ಮನೆಗೆ ತಂದ ಮೈಲುತುತ್ತಿನ ಒಂದು ಚಮಚ ತರಿಸಿ. ಹತ್ತು ಗ್ರಾಂ ತೂಗಿ, ಕರಗಿಸಿ, ಒಂದು ಲೀಟರ್ ಮಾಡಿ. ಅದರಿಂದ ಹತ್ತು ಮಿಲಿಲೀಟರ್ ಪಿಪೆಟ್ಟಿನಲ್ಲಿ ತೆಗೆದು ತುಸು ಅಸೆಟಿಕ್ ಆಮ್ಲ, ಪೊಟ್ಯಾಸಿಯಂ ಅಯೋಡೈಡ್ ಹಾಕಿ. ಬಿಡುಗಡೆಯಾದ ಅಯೋಡಿನ್ನಿಗೆ ಬ್ಯುರೆಟ್ಟಿನಿಂದ 0.1 ಮೋಲಾರ್ ಥಯೋಸಲ್ಫೇಟ್ ಬಿಡಿ. ಬಣ್ಣ ತೆಳು ಹಳದಿಯಾದಾಗ ಪಿಷ್ಟ ಹಾಕಿದರೆ ನೀಲಿ ಬರುತ್ತದೆ, ಆ ನೀಲಿ ಮಾಯವಾದಲ್ಲಿ ನಿಲ್ಲಿಸಿ ಓದಿ. ಹರಳು ಶುದ್ಧವಾಗಿದ್ದರೆ ಬ್ಯುರೆಟ್ಟಿನಲ್ಲಿ ಸರಿಯಾಗಿ 4 ಮಿಲಿಲೀಟರ್ ಇಳಿದಿರುತ್ತದೆ. 3.2ಕ್ಕೇ ನಿಂತಿತು ಎಂದಿಟ್ಟುಕೊಳ್ಳಿ, ನಿಮ್ಮ ಮೂಟೆಯಲ್ಲಿ ಮೈಲುತುತ್ತು ಇರುವುದು ನೂರಕ್ಕೆ ಎಂಬತ್ತು. ಆಗ ನೂರು ಲೀಟರಿಗೆ ಹಾಕಬೇಕಾದದ್ದು ಒಂದೂಕಾಲು ಕಿಲೋ, ಮತ್ತು ಉಳಿದ ಇಪ್ಪತ್ತರಲ್ಲಿ ಏನಿತ್ತು ಎಂದು ಬಿಲ್ಲು ಹಿಡಿದುಕೊಂಡು ಕೇಳಲು ಅಪ್ಪನ ಜತೆ ಮಗಳೂ ಅಂಗಡಿಗೆ ಹೋಗಬಹುದು.